ಕಣ್ಣಿನಿಂದ ಕಲಿಯುವ ಹುಡುಗ

ಅಮೋಲ್ ಪಾಠದ ಕಡೆ ಗಮನ ಕೊಡುವುದಿಲ್ಲವೆಂದು ಶಾಲೆಯಿಂದ ಎರಡನೇ ಸಲ ಚೀಟಿ ಬಂದಾಗ ತಾಯಿ ವೈಶಾಲಿ ಅವನನ್ನು ದಹಿಸರ್ ಸ್ಟೇಷನ್ ಹತ್ತಿರದ ಒಂದು ಕ್ಲಾಸಿಗೆ ಕರೆದುಕೊಂಡು ಹೋದಳು. ಹುಡುಗ ಆಗ ಮೂರನೇ ತರಗತಿ. ಮಕ್ಕಳು ಕಲಿಯುವ ರೀತಿಯನ್ನು ಪರೀಕ್ಷಿಸಿ, ಮಿದುಳಿನ ಆಟಗಳಿಂದ ನೆನಪಿನ ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಕ್ಲಾಸು ಅದು. ನಡೆಸುತ್ತಿದ್ದ ಶಶಿಕಾಂತ ಸರ್ ಅರ್ಧ ಗಂಟೆ ಪ್ರಶ್ನೆ ಕೇಳಿ ಬಣ್ಣದ ರಿಪೋರ್ಟೊಂದನ್ನು ಕೈಗಿಟ್ಟರು. ಹುಡುಗ ಕಣ್ಣಿನಿಂದ ಕಲಿಯುವವನು, ಬಾಯಿಮಾತಿನಲ್ಲಿ ಹೇಳಿದಷ್ಟೂ ಅವನಿಗೆ ಗೊಂದಲ ಎಂದರು.

ಮಗ ದಡ್ಡನಲ್ಲ ಎಂಬುದೇ ವೈಶಾಲಿಗೆ ದೊಡ್ಡ ಸಮಾಧಾನ. ಅಂದಿನಿಂದ ಮಗ್ಗಿ, ಪಾಠ, ಕಡೆಗೆ ಊಟಕ್ಕೆ ಕರೆಯುವುದೂ ಚಿತ್ರದ ಕಾರ್ಡುಗಳಲ್ಲೇ ನಡೆಯಿತು. ಸಂಜೆ ಒಂದು ಗಂಟೆ ಹೊತ್ತು ಟ್ಯಾಬಿನಲ್ಲಿ ಜೋಡಿ ಚಿತ್ರ ಹುಡುಕುವ ಆಟ. ಆಟದ ಅಂಕ ವಾರವಾರವೂ ಏರುತ್ತಿತ್ತು. ಶಾಲೆಯ ಅಂಕ ಏರಲಿಲ್ಲ. ಅದಕ್ಕೂ ಸಮಯ ಬೇಕು ಎಂದಿದ್ದರು ಸರ್. ತಮ್ಮ ಬಿಲ್ಡಿಂಗಿನ ದೇವಕ್ಕನ ಮುಂದೆ ವೈಶಾಲಿ ಆ ಕ್ಲಾಸನ್ನು ಬಾಯಿತುಂಬ ಹೊಗಳಿದಳು. ದೇವಕ್ಕನೂ ತನ್ನ ಮಗಳನ್ನು ಅಲ್ಲಿಗೆ ಸೇರಿಸಿದಳು.

ಅತ್ತೆ ಬಸಲಿಂಗವ್ವ ಮಾತ್ರ ಮೊಮ್ಮಗನ ಬಲಗಡೆ ಕೂತು, ಕಿವಿಯ ಹತ್ತಿರ ಬಾಯಿಟ್ಟು ಕತೆ ಹೇಳುತ್ತಿದ್ದಳು. ಒಂದು ದಿನ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದಳು, "ಕೂಸಿನ ಎಡಗಿವಿ ಮಂದ ಐತಿ. ಒಮ್ಮೆ ಡಾಕ್ಟರಿಗೆ ತೋರಸವಾ."

"ಅವನ ಕಲಿಯೂ ರೀತಿನ ಬ್ಯಾರೆ ಅತ್ತಿ. ರಿಪೋರ್ಟಿನ್ಯಾಗ ಬರದಾರ," ಎಂದಳು ವೈಶಾಲಿ. "ನೀವು ಕತಿ ಹೇಳಿ ಅವನ ತಲಿ ಕೆಡಸಬ್ಯಾಡ್ರಿ."

ಮುದುಕಿ ಮತ್ತೆ ಆ ಮಾತೆತ್ತಲಿಲ್ಲ.

ಎರಡು ವರ್ಷದ ಮೇಲೆ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆದು, ಕಿವಿಯ ಡಾಕ್ಟರಿಗೆ ತೋರಿಸಿ ಎಂದು ಬರೆದುಕೊಟ್ಟರು. ಸಯನ್ ಆಸ್ಪತ್ರೆಯ ಡಾಕ್ಟರು ಬಹಳ ಹೊತ್ತು ನೋಡಿದರು. ಎರಡೂ ಕಿವಿಯ ಪರದೆಯ ಹಿಂದೆ ನೀರು ನಿಂತಿತ್ತು. ಬಲಗಿವಿ ಸರಿಹೋಗುತ್ತದೆ. ಎಡಗಿವಿಯೊಳಗೆ ಮೂಳೆ ಸವೆದಿದೆ, ಕೇಳಲು ಮಷೀನು ಹಾಕಬೇಕು. ಮೊದಲೇ ಬಂದಿದ್ದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತಿತ್ತು ಎಂದರು. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಗಂಡ ಶರಣು ದಹಿಸರ್ ಬರುವವರೆಗೂ ಅವಳ ಮುಖ ನೋಡಲಿಲ್ಲ. ಅಮೋಲ್ ಆ ವರ್ಷ ಐದನೇ ತರಗತಿಯಲ್ಲೇ ಉಳಿದ.

ವೈಶಾಲಿ ಒಬ್ಬಳೇ ಕ್ಲಾಸಿಗೆ ಹೋದಳು. ಶಶಿಕಾಂತ ಸರ್ ಲ್ಯಾಪ್‌ಟಾಪ್ ತೆರೆದು, ಅಮೋಲ್‌ನ ನೆನಪಿನ ಅಂಕ ನಲವತ್ತರಿಂದ ತೊಂಬತ್ತೊಂದಕ್ಕೆ ಏರಿದ್ದನ್ನು ತೋರಿಸಿದರು. ಅದು ಆ ಆಟದ ಅಂಕ, ಆಡಿ ಆಡಿ ಆ ಆಟವೊಂದೇ ಬಂತು ಎಂದಳು ಅವಳು. ಕಿವಿ ಪರೀಕ್ಷೆ ತಮ್ಮ ಕೆಲಸವಲ್ಲ, ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿದೆ ಎಂದರು ಅವರು. ಬರೆದಿತ್ತು.

ಕೆಳಗೆ ಗೇಟಿನಲ್ಲಿ ದೇವಕ್ಕ ಮಗಳ ಕೈಹಿಡಿದು ಕ್ಲಾಸಿಗೆ ಬರುತ್ತಿದ್ದಳು. ವೈಶಾಲಿ ಎಲ್ಲವನ್ನೂ ಹೇಳಿದಳು. ಕ್ಲಾಸು ಬಿಡಿಸು ಎಂದಳು.

"ಪಾಪ, ಖರೇನ ಕೆಟ್ಟದ್ದಾತು," ಎಂದಳು ದೇವಕ್ಕ. "ಆದ್ರ ನಿಮ್ಮ ಹುಡುಗಂದು ಕಿವಿ ತ್ರಾಸು. ನಮ್ಮಾಕಿದು ಹಂಗಿಲ್ಲ. ಈಕಿ ಕೇಳಿ ಕಲಿಯಾಕಿ, ಬೋರ್ಡ್ ನೋಡಿದ್ರ ತಲಿಗೆ ಹತ್ತಂಗಿಲ್ಲ ಅಂತ ಸರ್ ಹೇಳ್ಯಾರ."

"ಈಕಿ ಕಣ್ಣು ತೋರಸೀರೇನು?"

ದೇವಕ್ಕನ ಮುಖ ಬಿಗಿಯಿತು. ಹೊತ್ತಾಯಿತು ಎಂದು ಹೇಳಿ ಮಗಳನ್ನು ಎಳೆದುಕೊಂಡು ಮೆಟ್ಟಿಲೇರಿದಳು.