ಸರಪಳಿಯ ಬುಡ

ಮಾವನ ಕಣ್ಣು ಮಂಜಾದ ಮೇಲೆ ಚದುರಂಗದ ಮಣೆಯ ಮುಂದೆ ಅವರಿಗೆ ಜೊತೆಯಾಗಿ ಕೂತವಳು ಸೊಸೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಸಂಜೆ ಮನೆಗೆ ಬಂದವಳೇ ಕೈ ತೊಳೆದು ಕಾಯಿ ಜೋಡಿಸುತ್ತಿದ್ದಳು. ಅವಳು ನಡೆ ಹೇಳಬೇಕು, ಇಡೀ ಮಣೆಯನ್ನು ತಲೆಯಲ್ಲಿಟ್ಟುಕೊಂಡು ಮಾವ ಉತ್ತರ ಕೊಡಬೇಕು. ಲೇತ್ ಮೆಷಿನ್ನಿನ ಮುಂದೆ ಆಯಸ್ಸು ಸವೆಸಿದ ಮನುಷ್ಯ. ಆಟಕ್ಕೆ ಕೂತರೆ ಮಾತ್ರ ನಾಲಿಗೆಗೆ ಜೀವ ಬರುತ್ತಿತ್ತು. ಮಗನಿಗೋ, ಮಣೆ ಕಂಡರೇ ಆಕಳಿಕೆ.

ಅವರ ನೆಚ್ಚಿನದು ಫ್ರೆಂಚ್ ಡಿಫೆನ್ಸ್ ಎಂಬ ಹಳೆಯ ಆರಂಭ, ಕಪ್ಪು ಕಾಯಿಯವರು ಆಟ ಶುರುಮಾಡುವ ಒಂದು ಬಗೆ. ಕಪ್ಪು ಕಾಯಿ ಹಿಡಿದ ಸೊಸೆ ಅದರ ನಡೆಗಳನ್ನು ಉರು ಹೊಡೆದು ಗಡಗಡ ಒಪ್ಪಿಸಿದಳು. ಮಾವನಿಗೆ ಹಿಡಿಸಲಿಲ್ಲ.

"ಎದುರಿನವನು ಬೇರೆ ಏನೋ ಆಡಿದ್ರೆ ಬಾಯಿ ಬಿಟ್ಕೊಂಡು ಕೂರ್ತೀಯಾ? ಯಾಕೆ ಅಂತ ಕೇಳ್ಕೋಮ್ಮ."

ಆಮೇಲೆ ವಾರಗಟ್ಟಲೆ ಅದೇ ಪಾಠ. ನಡುವಿನ ಜಾಗವನ್ನು ಬಿಳಿಯವನಿಗೆ ಬಿಟ್ಟುಕೊಡು. ಅವನ ಕಾಲಾಳುಗಳು ಸರಪಳಿಯ ಹಾಗೆ ಮುಂದೆ ಬರಲಿ. ಆಗ ಆ ಸರಪಳಿಯ ಬುಡಕ್ಕೆ, ತೀರಾ ಹಿಂದಿನ ಕಾಲಾಳಿಗೆ, ಹೊಡೆ. ಇದಕ್ಕೆ ತೆರುವ ಬೆಲೆಯೂ ಇದೆ ಎನ್ನುತ್ತಿದ್ದರು: ನಿನ್ನದೇ ಕಾಲಾಳುಗಳ ಹಿಂದೆ ಓರೆಯಾಗಿ ನಡೆಯುವ ನಿನ್ನ ಒಂದು ಒಂಟೆ ಉಸಿರು ಕಟ್ಟಿಕೊಂಡು ಕೂರುತ್ತದೆ. ಆ ಕಷ್ಟ ಒಪ್ಪಿಕೊಂಡೇ ಆಟಕ್ಕಿಳಿಯಬೇಕು.

ಒಂದು ಸಂಜೆ ಅವಳಿಗೆ ಎಲ್ಲ ಹೊಳೆಯಿತು. ಸರಪಳಿಯ ಬುಡಕ್ಕೆ ಹೊಡೆದಳು. ಸಿಕ್ಕಿಬಿದ್ದ ಒಂಟೆಯನ್ನು ಮಣೆಯ ಅಂಚಿನಿಂದ ಹೊರತಂದು, ಬಿಳಿಯ ಒಳ್ಳೆಯ ಒಂಟೆಯನ್ನೇ ಅದಕ್ಕೆ ಬದಲಾಗಿ ಕಿತ್ತಳು. ಒಳಗೊಳಗೇ ಹಿಗ್ಗಿ, ಒಂದು ಶಭಾಷ್‌ಗೆ ಕಾದಳು.

ಮಾವ ಹಣೆ ಉಜ್ಜಿಕೊಂಡರು. "ಒಂಟೆನ ಅಷ್ಟು ಸುತ್ತಿಸಿ ತಂದ್ಯಲ್ಲ, ಯಾಕೆ?"

ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡು ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಮೊದಲ ಸಲ ಕೇಳುವವರ ಹಾಗೆ ಕಿವಿಗೊಟ್ಟರು.

"ಒಳ್ಳೆ ವಿಚಾರ. ಯಾರಮ್ಮ ಹೇಳ್ಕೊಟ್ಟಿದ್ದು?"

ಅವಳು ಮಣೆಯಿಂದ ತಲೆಯೆತ್ತಿದಳು. "ನೀವೇ, ಮಾವ."

ಅವರು ನಗಲು ಹೋಗಿ ನಿಲ್ಲಿಸಿದರು. ಕೈ ಮಣೆಯ ಮೇಲೆ ತಡಕಾಡಿತು. ತಮ್ಮ ರಾಜ ಎಲ್ಲಿದ್ದಾನೆಂದೂ ಅವರಿಗೆ ಗೊತ್ತಾಗಲಿಲ್ಲ.

"ನಿನ್ನ ಗಂಡನಿಗೆ ಈಗ್ಲೇ ಹೇಳ್ಬೇಡ," ಎಂದರು ಮೆಲ್ಲಗೆ.

ಅವಳು ತಲೆಯಾಡಿಸಿದಳು. ಆದರೆ ಬೆಳಿಗ್ಗೆ ಗಂಡನಿಗೆ ಹೇಳಿಯೇಬಿಟ್ಟಳು. ಮಾವನನ್ನು ನೋಡಿದ ಡಾಕ್ಟರು, ಇದು ಮರೆವಿನ ಕಾಯಿಲೆ, ಇದರ ಮುಂದೆ ಕಣ್ಣಿನದು ಏನೂ ಅಲ್ಲ ಎಂದರು. ಮಾತಿಗೆ ತಪ್ಪಿದ ಸೊಸೆಯ ಮೇಲೆ ಮಾವ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ವಾಸಿಯಿತ್ತು ಎನಿಸಿತು ಅವಳಿಗೆ.

ಕೆಲವು ತಿಂಗಳು ಅವಳೇ ಗುರುವಾಗಿ ಅದೇ ಆರಂಭವನ್ನು ಮತ್ತೆ ಮತ್ತೆ ಹೇಳಿಕೊಟ್ಟಳು. ಒಮ್ಮೊಮ್ಮೆ ಮಾವ ಅವಳ ತಪ್ಪನ್ನು ಥಟ್ಟನೆ ಹಿಡಿಯುತ್ತಿದ್ದರು. ಆಗ ಅವಳಿಗೆ ಹೋದ ಜೀವ ಬಂದಂತಾಗುತ್ತಿತ್ತು. ಮಿಕ್ಕ ದಿನ, ಯಾರ ಸರದಿ ಎಂದು ಕೇಳುತ್ತಿದ್ದರು.

ಕೊನೆಗೊಂದು ದಿನ ಮಣೆಯನ್ನು ಪಕ್ಕಕ್ಕೆ ಸರಿಸಿ, "ಸಾಕಮ್ಮ, ದಣಿವಾಗತ್ತೆ," ಎಂದರು. ಅವಳು ಒತ್ತಾಯಿಸಲಿಲ್ಲ. ಈಗ ಸಂಜೆಯ ಹೊತ್ತು ಮಾವ ಕಿಟಕಿಯ ಬಳಿ ಸುಮ್ಮನೆ ಕೂರುತ್ತಾರೆ. ಪಕ್ಕದಲ್ಲೇ ಕೂತು ಅವಳು ತರಕಾರಿ ಹೆಚ್ಚುತ್ತಾಳೆ.