ಕವಿಯ ಹಿಂದೆ ಹೋದವಳು

ಮರದ ಮರೆಯಲ್ಲಿ ನಿಂತು ನಿಂತು ಅವಳ ಮೊಣಕಾಲು ನೋಯತೊಡಗಿತ್ತು. ಕೆರೆಯ ದಂಡೆಯ ಕಲ್ಲುಬೆಂಚಿನ ಮೇಲೆ ಗಂಡ ಒಬ್ಬನೇ ಕೂತಿದ್ದ. ಬರಬೇಕಾದವಳು ಇನ್ನೂ ಬಂದಿರಲಿಲ್ಲ.

ಪತ್ರಿಕೆಯ ಕಚೇರಿಗೆ ಹೋಗಿಬರುತ್ತೇನೆ ಎಂದು ಅವನು ದಿನಾ ಸಂಜೆ ಮನೆ ಬಿಡುತ್ತಿದ್ದ. ಆ ಪತ್ರಿಕೆಯ ಸಂಪಾದಕರೇ ಬೆಳಿಗ್ಗೆ ಕೋಟು ಹೊಲಿಸಲು ಅವಳ ಅಂಗಡಿಗೆ ಬಂದು, "ಏನಮ್ಮ, ಕವಿಗಳು ಈಚೆಗೆ ನಮ್ಮ ಕಡೆ ತಲೆ ಹಾಕಿ ಮಲಗೋದೂ ಇಲ್ವಲ್ಲ?" ಎಂದಿದ್ದರು. ಅಳತೆಯ ಟೇಪು ಅವಳ ಕೈಯಲ್ಲೇ ನಿಂತಿತ್ತು. ಈಚೆಗೆ ಗಂಡನದು ಊಟದ ಹೊತ್ತಿಗೆ ಮಾತಿಲ್ಲ, ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ. ಎಲ್ಲ ಒಂದಕ್ಕೊಂದು ಕೂಡಿಬಂತು. ಪ್ರೇಮಕವಿಯ ಹೆಂಡತಿ ಎಂದೇ ಊರು ಅವಳನ್ನು ಕರೆಯುತ್ತಿತ್ತು. ಆ ಪ್ರೇಮ ಈಗ ಬೇರೆ ಮನೆ ಹಿಡಿದಿರಬೇಕು ಎಂದುಕೊಂಡು, ಅಂಗಡಿಯ ಬಾಗಿಲೆಳೆದು ಅವನ ಹಿಂದೆಯೇ ಬಂದಿದ್ದಳು.

ಬಿಸಿಲು ನೀರಿನಾಚೆ ಇಳಿಯಿತು. ಇನ್ನು ತಡೆಯಲಾಗದೆ ಎದುರಿಗೆ ಹೋಗಿ ನಿಂತಳು.

"ಎಲ್ರೀ ಅವಳು?"

ಅವನು ಬೆಚ್ಚಿಬಿದ್ದ. "ಯಾರು?"

"ನನ್ನ ಕಿವಿ ಮೇಲೆ ಹೂ ಇಡಬೇಡಿ. ದಿನಾ ಇಲ್ಲಿಗೆ ಯಾರಿಗೋಸ್ಕರ ಬರ್ತೀರಿ?"

ಅವನು ತಲೆ ತಗ್ಗಿಸಿದ.

"ಬರೆಯೋಕೆ ಆಗ್ತಿಲ್ಲ ಕಣೇ," ಎಂದ. "ಒಂದು ಸಾಲೂ ಹುಟ್ತಿಲ್ಲ. ಇಲ್ಲಿ ಕೂತ್ರೆ ಏನಾದ್ರೂ ಬರುತ್ತೇನೋ ಅಂತ ಬರ್ತೀನಿ. ಮೊದಲೆಲ್ಲ ಈ ನೀರಲ್ಲಿ ಏನೇನೋ ಕಾಣೋದು. ಈಗ ನೀರು ನೋಡಿದ್ರೆ ನೀರೇ ಕಾಣುತ್ತೆ. ಬರೆಯದ ಮೇಲೆ ನಾನು ನಿನಗೆ ಯಾರು ಅಂತ ಹೆದರಿಕೆ ಆಗ್ಬಿಡ್ತು. ಹೇಳೋಕೆ ಬಾಯಿ ಬರಲಿಲ್ಲ."

"ಇಷ್ಟೇನಾ?"

"ಇಷ್ಟೇನಾ ಅಂದ್ರೆ?"

ಅವಳು ನೋಯುವ ಮೊಣಕಾಲು ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದು ಕೂತು ನಗತೊಡಗಿದಳು. ಅವನಿಗೆ ಮೊದಲು ಸಿಟ್ಟೇ ಬಂತು. ತನ್ನ ಜೀವವೇ ಹೋದಂತಾಗಿರುವಾಗ ಇವಳಿಗೆ ನಗು! ಆದರೆ ಅವಳ ನಗು ನೋಡನೋಡುತ್ತ ಅಳುವಾಯಿತು. ಅವಳು ಏನೆಂದುಕೊಂಡು ಬಂದಿದ್ದಳೆಂಬುದು ಅವನಿಗೆ ಆಗ ಹೊಳೆಯಿತು.

"ಅಯ್ಯೋ ಹುಚ್ಚಿ, ಈ ಬೋಳುತಲೆ ಹಿಂದೆ ಯಾರು ಬರ್ತಾರೆ?"

"ನಾನು ಬಂದಿಲ್ವಾ?" ಎಂದು ಮೂಗೊರೆಸಿಕೊಂಡಳು. "ನಿಮ್ಮ ಪದ್ಯ ನೋಡಿ ನಿಮ್ಮನ್ನ ಕಟ್ಕೊಳ್ಳಲಿಲ್ಲ ಮಹರಾಯ್ರೇ. ನನ್ನ ಕಣ್ಣು ಮೀನು ಅಂದ್ರಿ, ನಡಿಗೆ ಹಂಸ ಅಂದ್ರಿ. ಹೋಗ್ಲಿ ಪಾಪ ಅಂತ ಸಹಿಸ್ಕೊಂಡೆ."

ಈಗ ಅವನೂ ನಕ್ಕ. ಎಷ್ಟೋ ತಿಂಗಳ ಮೇಲೆ ಉಸಿರು ಹೊಟ್ಟೆಯ ತನಕ ಇಳಿಯಿತು. ಅವಳ ಕಾಲನ್ನು ತೊಡೆಯ ಮೇಲೆತ್ತಿಕೊಂಡು ಮೊಣಕಾಲನ್ನು ಮೆಲ್ಲಗೆ ಒತ್ತತೊಡಗಿದ. "ಅಲ್ಲ, ಇನ್ನೂ ಸ್ವಲ್ಪ ಕೆಳಗೆ," ಎಂದಳು. ಒತ್ತಿದ.

ದಂಡೆಯ ಹುಲ್ಲಿಗೆ ಪುಟ್ಟ ಹಕ್ಕಿಯೊಂದು ಬಂದಿಳಿಯಿತು.

"ಅದ್ಯಾವ ಹಕ್ಕಿ?"

ತನ್ನ ಪದ್ಯಗಳಲ್ಲಿ ಅವನು ಲೆಕ್ಕವಿಲ್ಲದಷ್ಟು ಹಕ್ಕಿಗಳನ್ನು ಹಾರಿಸಿದ್ದ. "ಗೊತ್ತಿಲ್ಲ ಕಣೇ," ಎಂದ, ಹಗುರಾಗಿ.

ಹಕ್ಕಿ ನೀರಿಗೆ ಕೊಕ್ಕಿಟ್ಟು ಕುಡಿಯಿತು, ರೆಕ್ಕೆ ಕೊಡವಿತು, ಮತ್ತೆ ಬಾಗಿತು. ಅದು ಹಾರಿಹೋಗುವ ತನಕ ಇಬ್ಬರೂ ಅಲ್ಲಾಡದೆ ಕೂತಿದ್ದರು.