ಅಕ್ಷಿತನ ಮದರಂಗಿ

ಸತ್ತವರಿಗೆ ಮದುವೆ ಮಾಡಿಸುವುದು ಈ ಕರಾವಳಿಯಲ್ಲಿ ಹೊಸ ಸಂಗತಿಯೇನಲ್ಲ. ಮದುವೆಯಾಗದೆ ತೀರಿಹೋದ ಮಗನಿದ್ದರೆ, ಅವನ ಪ್ರಾಯಕ್ಕೆ ಹೊಂದುವ, ಅವನ ಹಾಗೆಯೇ ಹೋದ ಹುಡುಗಿಯ ಮನೆಯನ್ನು ಹುಡುಕುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಎರಡು ಕುರ್ಚಿ ಹಾಕಿ, ಒಂದರ ಮೇಲೆ ಪಂಚೆ, ಇನ್ನೊಂದರ ಮೇಲೆ ಸೀರೆ ಇಟ್ಟು ಧಾರೆ ಎರೆಯುತ್ತಾರೆ, ಎಲೆ ಹಾಕಿ ಬಡಿಸುತ್ತಾರೆ. ನಗುವವರು ನಗಲಿ, ಹೆತ್ತವರು ಯಾರೂ ನಗುವುದಿಲ್ಲ. ಆದರೆ ಆ ಮದುವೆಗೆ ಮುಂಚಿನ ಸಂಜೆ ಮದರಂಗಿಯೂ ಆಗಬೇಕು, ಮದರಂಗಿಗೆ ಡಿಜೆಯೂ ಬೇಕು ಎಂದು ಹಟ ಹಿಡಿದವರನ್ನು ಉಜ್ವಲ್ ಕಂಡದ್ದು ಅದೇ ಮೊದಲು. ಹಟ ಹಿಡಿದವರು ಕಟಪಾಡಿಯ ಕುಶಲಮ್ಮ. ಮದುಮಗ ಅವರ ಮಗ ಅಕ್ಷಿತ್.

ಉಜ್ವಲ್ ಮತ್ತು ಅಕ್ಷಿತ್ ಶಾಲೆಯಿಂದಲೂ ಜೋಡಿ. ಇಬ್ಬರೂ ಸೇರಿಯೇ ಡಿಜೆ ಶುರು ಮಾಡಿದ್ದು. ಸ್ಪೀಕರ್, ವಯರು, ಲೈಟು ಉಜ್ವಲನ ಪಾಲು. ಲ್ಯಾಪ್‌ಟಾಪು ಮತ್ತು ಹಾಡು ಅಕ್ಷಿತನದು. ಅಕ್ಷಿತ್ ಹಾಡು ಹಾಕಿದರೆ ಊಟಕ್ಕೆ ಕುಳಿತ ಅಜ್ಜಂದಿರ ಕಾಲೂ ಎಲೆಯಡಿಯಲ್ಲಿ ತಾಳ ಹಾಕಬೇಕು, ಅಂಥ ಕೈ ಅವನದು. ಆದರೆ ಕೊನೆಗೊಂದು ದಿನ ಕಾಪುವಿನ ಒಂದು ರಿಸೆಪ್ಷನ್ನಿನಲ್ಲಿ ಹಾಡು ನಡುವೆಯೇ ನಿಂತುಹೋಯಿತು. ಸರಿಮಾಡಿ ಹಾಕಿದ, ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ ಹುಡುಗರು ಸೀಟಿ ಹೊಡೆದರು, ಮದುಮಗಳ ಮಾವನೊಬ್ಬ ಮೈಕ್ ಕಿತ್ತುಕೊಂಡು, "ಡಿಜೆಯವರಿಗೆ ಊಟ ಹಾಕಿ ಕಳಿಸಿ ಮಾರಾಯ್ರೇ, ಮನೆಗೆ ಹೋಗ್ಲಿ" ಎಂದ. ಹಾಲ್ ತುಂಬ ನಗು. ಅಕ್ಷಿತ್ ಊಟ ಮಾಡಲಿಲ್ಲ. ಮನೆಯಲ್ಲಿ ಅಮ್ಮನೊಡನೆಯೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ರಿಪೇರಿಗೆಂದು ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಮಣಿಪಾಲಕ್ಕೆ ಹೊರಟವನಿಗೆ ಉದ್ಯಾವರದ ಹೈವೇಯಲ್ಲಿ ರಾಂಗ್ ಸೈಡಿನಿಂದ ಲಾರಿ ಬಂತು. ಬ್ಯಾಗು ಹಾರಿ ರಸ್ತೆ ಬದಿಯ ಹುಲ್ಲಿನಲ್ಲಿ ಬಿದ್ದಿತ್ತು. ಲ್ಯಾಪ್‌ಟಾಪಿನ ಒಂದು ಮೂಲೆ ಒಡೆದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಅಯ್ಯೋ, ಮನುಷ್ಯ ಹೋಗಿ ಯಂತ್ರ ಉಳಿಯಿತು ನೋಡಿ!

ಅದಾಗಿ ಮೂರು ವರ್ಷ. ಅಕ್ಷಿತನ ತಂಗಿ ಆಶ್ರಿತಾಳಿಗೆ ಬಂದ ಸಂಬಂಧಗಳೆಲ್ಲ ಮಾತುಕತೆಯ ತನಕ ಬಂದು ಮುರಿಯುತ್ತಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿ ನೋಡಿದರೆ, ಅಣ್ಣ ಹೊಸ್ತಿಲಲ್ಲಿ ನಿಂತಿದ್ದಾನೆ, ಮೊದಲು ಅವನ ಮದುವೆಯಾಗಲಿ ಎಂದು ಬಂತು. ಹುಡುಕಿದಾಗ ಕಾರ್ಕಳದ ಜಿತೇಂದ್ರ ಎಂಬವರ ಮಗಳು ಸಿಕ್ಕಿದಳು, ಧೃತಿ. ಆರು ವರ್ಷದವಳಿದ್ದಾಗ ಜ್ವರ ಬಂದು ಹೋದವಳು. ಸತ್ತ ಮಕ್ಕಳೂ ಅಲ್ಲಿ ಬೆಳೆಯುತ್ತಾರೆ ಎಂಬುದು ಇಲ್ಲಿಯವರ ನಂಬಿಕೆ. ಇದ್ದಿದ್ದರೆ ಈಗ ಅಕ್ಷಿತನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು.

"ಅವನ ಲ್ಯಾಪ್‌ಟಾಪಿನಲ್ಲೇ ಹಾಡು ಹಾಕಬೇಕು ಮಗಾ," ಎಂದರು ಕುಶಲಮ್ಮ, ಬ್ಯಾಗನ್ನು ಉಜ್ವಲನ ಮಡಿಲಲ್ಲಿಟ್ಟು.

"ಅಮ್ಮಾ, ಇದು ನಡುವೆ ನಿಲ್ಲುತ್ತದೆ, ನಿಮಗೆ ಗೊತ್ತುಂಟಲ್ಲ. ನನ್ನದು ಹೊಸತು ಉಂಟು, ಅದನ್ನೇ ತರ್ತೇನೆ."

"ನನ್ನ ಮದರಂಗಿಗೆ ಬೇರೆ ಡಿಜೆಯನ್ನು ಅಂಗಳಕ್ಕೇ ಬಿಡುವುದಿಲ್ಲ, ನಾನೇ ಹಾಕುವುದು ಅಂತ ಹೇಳ್ತಿದ್ದ ಅಲ್ವಾ ಅವನು? ನಿನ್ನ ಎದುರಿಗೇ ಹೇಳಿದ್ದು."

ಹೇಳಿದ್ದು ಹೌದು. ಇದೇ ಜಗಲಿಯಲ್ಲಿ ಕುಳಿತು, ಬಾಯಿ ತುಂಬ ನೀರುದೋಸೆ ಇಟ್ಟುಕೊಂಡು ಹೇಳಿದ್ದ. ಆಗ ಉಜ್ವಲ್, "ಮದುಮಗ ಮಣೆ ಮೇಲೆ ಕೂತರೆ ಲ್ಯಾಪ್‌ಟಾಪ್ ಯಾರು ನೋಡ್ತಾರೆ, ನಿನ್ನ ಅತ್ತೆಯಾ?" ಎಂದು ಕಿಚಾಯಿಸಿದ್ದ.

"ಮತ್ತೊಂದು ಮಾತು," ಎಂದರು ಕುಶಲಮ್ಮ. "ಒಮ್ಮೆ ಕೂಡ ಹಾಡು ನಿಲ್ಲಬಾರದು. ನನ್ನ ಮಗ ತಲೆ ತಗ್ಗಿಸಿ ಹೋದವ. ಅವನ ಮದರಂಗಿಯಲ್ಲಾದರೂ ಯಾರೂ ನಗಬಾರದು. ಭಾಷೆ ಕೊಡು."

ಉಜ್ವಲ್ ಕೈಯಲ್ಲಿ ಕೈ ಇಟ್ಟು ಭಾಷೆ ಕೊಟ್ಟ. ಮನೆಗೆ ಹೋಗುವಾಗ ಭಯವಾಯಿತು. ಈ ಕಸುಬಿನಲ್ಲಿ ಹಾಡು ನಿಲ್ಲುವುದಿಲ್ಲ ಎಂದು ಭಾಷೆ ಕೊಡುವವನಷ್ಟು ಮೂರ್ಖ ಬೇರೊಬ್ಬನಿಲ್ಲ.

ಮರುದಿನದಿಂದ ಅಕ್ಷಿತನ ಕೋಣೆಯಲ್ಲೇ ಕೆಲಸಕ್ಕೆ ಕುಳಿತ. ಆಶ್ರಿತಾ ಚಹಾ ತಂದುಕೊಟ್ಟು ಪಕ್ಕದಲ್ಲೇ ಕುಳಿತಳು. ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು. ತೆರೆದ ಕೂಡಲೇ ಲ್ಯಾಪ್‌ಟಾಪು ಏದುಸಿರು ಬಿಡತೊಡಗಿತು. ಮೂರು ವರ್ಷದ ಅಪ್‌ಡೇಟುಗಳೆಲ್ಲ ಒಮ್ಮೆಲೇ ಬಾಗಿಲಿಗೆ ಬಂದು ನಿಂತಿದ್ದವು. ಒಂದು ದಿನ ಪೂರ್ತಿ ಅವನ್ನು ಮುಗಿಸಿ, ಮದುವೆ ಕಳೆಯುವ ತನಕ ಬರಬೇಡಿ ಎಂದು ತಡೆದು ನಿಲ್ಲಿಸಿದ. ಒಳಗೆ ನೋಡಿದರೆ ಎರಡೆರಡು ಆ್ಯಂಟಿವೈರಸ್, ಒಂದು ಏರಿಗೆಳೆದರೆ ಇನ್ನೊಂದು ನೀರಿಗೆ. ಒಂದನ್ನು ತೆಗೆದ. ಉಳಿದದ್ದಕ್ಕೆ ಹಾಡುಗಳ ಫೋಲ್ಡರಿಗೆ ಕೈ ಹಾಕಬೇಡ ಎಂದು ಬರೆದಿಟ್ಟ. ಬ್ಯಾಟರಿ ಉಳಿಸುವ ಸೆಟ್ಟಿಂಗನ್ನು ಬದಲಿಸಿ ಪೂರ್ತಿ ಶಕ್ತಿಗೆ ಹಾಕಿದ. ವೈಫೈ, ಬ್ಲೂಟೂತ್ ಎರಡನ್ನೂ ಮುಚ್ಚಿದ. ಪರದೆ ಆರದ ಹಾಗೆ, ಲ್ಯಾಪ್‌ಟಾಪ್ ನಿದ್ದೆಗೆ ಜಾರದ ಹಾಗೆ ಮಾಡಿದ. ಮೂಲೆಯಲ್ಲಿ ಟಣ್ ಎಂದು ಬರುವ ನೋಟಿಫಿಕೇಶನ್‌ಗಳ ಬಾಯಿ ಕಟ್ಟಿದ. ಲ್ಯಾಪ್‌ಟಾಪ್ ತೆರೆದೊಡನೆ ತಾನಾಗಿ ಶುರುವಾಗುವ ಹತ್ತಾರು ಪ್ರೋಗ್ರಾಮುಗಳಲ್ಲಿ ಅಕ್ಷಿತನ ಕ್ರಿಕೆಟ್ ಗೇಮೂ ಇತ್ತು. ಅದನ್ನು ತೆಗೆಯುವಾಗ ಉಜ್ವಲನ ಕೈ ತಡೆಯಿತು.

"ತೆಗೆಯಬೇಕಾ?" ಎಂದಳು ಆಶ್ರಿತಾ.

"ಗೇಮ್ ಇರ್ಲಿ. ತಾನಾಗಿ ಓಪನ್ ಆಗುವುದು ಮಾತ್ರ ಬೇಡ."

ಇಷ್ಟೆಲ್ಲ ಆದ ಮೇಲೆ ಡಿಜೆಯ ಕಂಟ್ರೋಲರ್ ಹಲಗೆಯನ್ನು ಯುಎಸ್‌ಬಿ ವಯರಿನಲ್ಲಿ ಸಿಕ್ಕಿಸಿ ಹಾಡು ಹಾಕಿದ. ಚೆನ್ನಾಗಿ ಹೋಯಿತು. ಇನ್ನೇನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಟಪ್ ಎಂದು ನಿಂತಿತು, ಕಾಪುವಿನಲ್ಲಿ ನಿಂತ ಹಾಗೆಯೇ. ಉಜ್ವಲ್ ವಯರು ಬದಲಿಸಿದ. ಮತ್ತೆ ನಿಂತಿತು. ಅಕ್ಷಿತ್ ಇದ್ದಾಗ ಹೀಗಾದರೆ ಗೆಳೆಯರಿಬ್ಬರೂ ಬೈಯುತ್ತಿದ್ದುದು ಅರ್ತಿಂಗನ್ನು, ಎಂದರೆ ಕರೆಂಟನ್ನು ನೆಲಕ್ಕೆ ಇಳಿಸುವ ವಯರನ್ನು. ಈ ಊರಿನ ಮೈಕಿನವರಿಗೆ ಅದೊಂದು ರೋಗ. ಏನೇ ಕೆಟ್ಟರೂ ಹಾಲಿನವನ ಅರ್ತಿಂಗ್ ಸರಿ ಇಲ್ಲ, ಜನರೇಟರ್ ಸರಿ ಇಲ್ಲ. ಅಕ್ಷಿತ್ ಕಾಪುವಿನ ಹಾಲಿನ ಹಿಂದೆ ಕೆಸರಿನಲ್ಲಿ ಕಬ್ಬಿಣದ ಸಲಾಕೆ ಹೂತು ನೀರು ಸುರಿದಿದ್ದ. ಲ್ಯಾಪ್‌ಟಾಪಿನೊಳಗೆ ನೋಡಬೇಕು ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಈ ಸಲ ಉಜ್ವಲ್ ಒಳಗೆ ನೋಡಿದ. ಒಂದೊಂದೇ ಪಟ್ಟಿ ಬಿಚ್ಚುತ್ತಾ ಯುಎಸ್‌ಬಿ ಎಂಬಲ್ಲಿಗೆ ಬಂದ. ಅಲ್ಲೊಂದು ಚಿಕ್ಕ ಚೌಕ, ಚೌಕದೊಳಗೊಂದು ಟಿಕ್. ಕರೆಂಟ್ ಉಳಿಸಲು, ವಯರು ಸಿಕ್ಕಿಸುವ ಈ ಕಿಂಡಿಯನ್ನು ಬೇಕಾದಾಗ ಕಂಪ್ಯೂಟರೇ ಆರಿಸಬಹುದು ಎಂಬುದಕ್ಕೆ ಒಪ್ಪಿಗೆ. ಕಂಪನಿಯಿಂದ ಬರುವಾಗಲೇ ಹಾಕಿ ಕಳಿಸಿದ್ದು. ಹಾಡು ಬರುವ ಕಿಂಡಿಯನ್ನು ಲ್ಯಾಪ್‌ಟಾಪು ತಾನೇ ಮುಚ್ಚುತ್ತಿತ್ತು. ಉಜ್ವಲ್ ಟಿಕ್ ತೆಗೆದ. ಹಾಡು ಹಾಕಿದ. ಊಟ ಮಾಡಿ ಬಂದರೂ, ಪೇಟೆಗೆ ಹೋಗಿ ಬಂದರೂ ಹಾಡು ಹೋಗುತ್ತಲೇ ಇತ್ತು.

"ಸರಿ ಆಯ್ತಾ?" ಎಂದಳು ಆಶ್ರಿತಾ. "ಎಂತ ಆಗಿತ್ತು ಅದಕ್ಕೆ?"

ಉಜ್ವಲ್ ತೋರಿಸಿದ. ಅವಳು ಆ ಖಾಲಿ ಚೌಕವನ್ನು ನೋಡಿದಳು.

"ಇಷ್ಟೇನಾ?" ಎಂದಳು. "ಇದಕ್ಕಾಗಿ ಅಣ್ಣ ಬೈಕ್ ತೆಗೆದದ್ದಾ?"

ಬೆಟ್ಟ ಅಗೆದು ಇಲಿ ಹಿಡಿದರೆ ಜನ ನಗುತ್ತಾರೆ. ಇಲ್ಲಿ ನಗುವವರು ಯಾರು? ಇಬ್ಬರೂ ಅತ್ತರು. ಕುಶಲಮ್ಮನಿಗೆ ಕೇಳಿಸಬಾರದೆಂದು ಹಾಡಿನ ಸದ್ದು ಜಾಸ್ತಿ ಮಾಡಿಕೊಂಡು ಅತ್ತರು. ಆಮೇಲೆ ಅಮ್ಮ ಕೇಳಿದಾಗ ಉಜ್ವಲ್, "ದೊಡ್ಡ ತೊಂದರೆ ಇತ್ತಮ್ಮ, ಆಗ ಯಾರಿಂದಲೂ ಸರಿಮಾಡಲು ಆಗುತ್ತಿರಲಿಲ್ಲ" ಎಂದ. ಸುಳ್ಳು ಹೇಳಿದ್ದಕ್ಕೆ ಅವನಿಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಮದರಂಗಿಯ ದಿನ ಮಧ್ಯಾಹ್ನದ ತನಕ ಮಳೆ ಹೊಡೆಯಿತು. ಸಂಜೆಗೆ ಬಿಟ್ಟಿತು. ಅಂಗಳಕ್ಕೆ ಶೀಟಿನ ಚಪ್ಪರ, ಚಪ್ಪರದಡಿ ಎರಡು ಕುರ್ಚಿ. ಒಂದರ ಮೇಲೆ ಅಕ್ಷಿತನ ಇಷ್ಟದ ನೀಲಿ ಅಂಗಿ, ಹೊಸ ಪಂಚೆ. ಇನ್ನೊಂದರ ಮೇಲೆ ಕಾರ್ಕಳದವರು ತಂದ ಹಸಿರು ರೇಷ್ಮೆ ಸೀರೆ, ಮಲ್ಲಿಗೆ. ಎದುರಿನ ವೀಳ್ಯದೆಲೆಯ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಮದರಂಗಿಯ ಬೊಟ್ಟಿಟ್ಟರು. ಕುಶಲಮ್ಮ ಬೊಟ್ಟಿಟ್ಟು, ಅದೇ ಬೆರಳನ್ನು ತಂದು ಲ್ಯಾಪ್‌ಟಾಪಿನ ಒಡೆದ ಮೂಲೆಗೂ ಒತ್ತಿದರು. ಉಜ್ವಲ್ ತನ್ನ ಹೊಸ ಲ್ಯಾಪ್‌ಟಾಪನ್ನು ಕಾರಿನಲ್ಲಿ ತಂದಿದ್ದ. ಗುಟ್ಟಾಗಿ ಟೇಬಲಿನಡಿ ಇಟ್ಟು ವಯರು ಎಳೆಯಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆ ಬೊಟ್ಟು ನೋಡಿದ ಮೇಲೆ ಮನಸ್ಸಾಗಲಿಲ್ಲ.

ಹಾಡು ಶುರುವಾಯಿತು. ಮೊದಲು ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಕುಣಿಯುವುದೋ, ಅಳುವುದೋ? ಮಕ್ಕಳಿಗೆ ಆ ಯೋಚನೆಯಿಲ್ಲವಲ್ಲ, ಕುಣಿದರು. ನೋಡುತ್ತಾ ನೋಡುತ್ತಾ ಅಕ್ಷಿತನ ತಂದೆ ಉಮಾನಾಥರು ಎದ್ದರು. ಮಗ ಹೋದ ಮೇಲೆ ಹತ್ತು ಮಾತನ್ನೂ ಒಟ್ಟಿಗೆ ಆಡದವರು, ಮಕ್ಕಳ ನಡುವೆ ನಿಂತು ಎರಡು ಕೈ ಎತ್ತಿದರು. ಕುಶಲಮ್ಮ ಮಾತ್ರ ಕುಣಿಯುವವರನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು. ಒಂದೊಂದು ಹಾಡು ಮುಗಿದು ಇನ್ನೊಂದಕ್ಕೆ ಸೇರುವಾಗಲೂ ಅವರು ಸೆರಗು ಹಿಂಡುವುದು ಉಜ್ವಲನಿಗೆ ಕಾಣುತ್ತಿತ್ತು.

ಆಗ ಟೇಬಲಿನ ಹತ್ತಿರ ಒಬ್ಬರು ಬಂದರು. ಬಿಳಿ ಅಂಗಿ, ನರೆತ ಗಡ್ಡ. ಮದುಮಗಳ ತಂದೆ ಜಿತೇಂದ್ರ.

"ಒಂದು ಕೇಳಬಹುದಾ?" ಎಂದರು, ತಪ್ಪು ಮಾಡಿದವರ ಹಾಗೆ. "ಹಾಡನ್ನು ಒಮ್ಮೆ ನಿಲ್ಲಿಸ್ತೀರಾ?"

"ಯಾಕೆ ಜಿತೇಂದ್ರಣ್ಣ? ಸೌಂಡ್ ಜಾಸ್ತಿ ಆಯ್ತಾ?"

"ಅಲ್ಲ ಅಲ್ಲ. ನಮ್ಮ ಮಗುವಿಗೆ ಅದೊಂದು ಆಟ. ನಾನು ಟೇಪ್ ಹಾಕಬೇಕು, ಅವಳು ಕುಣಿಯಬೇಕು. ನಾನು ಫಕ್ಕನೆ ನಿಲ್ಲಿಸಬೇಕು. ಕಲ್ಲಿನ ಹಾಗೆ ನಿಂತುಬಿಡುವುದು, ಕಣ್ಣು ಕೂಡ ಮಿಟುಕಿಸುವುದಿಲ್ಲ. ಅವಳಿಗೆ ಹಾಡಿಗಿಂತ ಹಾಡು ನಿಲ್ಲುವುದೇ ಇಷ್ಟ." ಅವರು ಕುರ್ಚಿಯ ಕಡೆ ನೋಡಿದರು. "ಎಲ್ಲರೂ ದೊಡ್ಡವಳಾಗಿದ್ದಾಳೆ ಅಂತ ಹೇಳ್ತಾರೆ. ಸೀರೆ ತಂದಿದ್ದೇವೆ. ನನಗೆ ಇನ್ನೂ ಆರು ವರ್ಷದ್ದೇ ಕಾಣುವುದು. ಅವಳಿಗೆ ಸೀರೆ ಉಡಲು ಬರ್ತದಾ ಅಂತ ನಾನು ಬೆಳಿಗ್ಗೆಯಿಂದ ಯೋಚನೆ ಮಾಡ್ತಾ ಇದ್ದೇನೆ. ನಾಳೆ ಕಳಿಸಿಕೊಡುವುದಲ್ವಾ... ಅದಕ್ಕೆ, ಒಮ್ಮೆ."

ಉಜ್ವಲ್ ಕುಶಲಮ್ಮನ ಕಡೆ ನೋಡಿದ. ಈ ಮನುಷ್ಯ ಕೇಳುತ್ತಿರುವುದು ಒಂದು ಕ್ಷಣದ ಮೌನ, ಕೊಡಬೇಕು. ಆದರೆ ಕೊಟ್ಟ ಭಾಷೆ? ಒಂದು ವಾರ ಈ ಯಂತ್ರದ ಕಾಲು ಹಿಡಿದು ನಿಲ್ಲಬೇಡ ನಿಲ್ಲಬೇಡ ಎಂದು ಬೇಡಿದ್ದು ಯಾತಕ್ಕೆ? ತಾನಾಗಿ ನಿಲ್ಲಿಸಿದರೂ ಕುಶಲಮ್ಮನ ಎದೆ ಒಡೆದೀತು. ಅವನು ಹಾಡನ್ನು ಹೋಗಲು ಬಿಟ್ಟು ಅವರ ಬಳಿ ಹೋಗಿ, ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದ. "ನೀವು ಬೇಡ ಅಂದರೆ ಬೇಡ ಅಮ್ಮ. ನಾನು ಅವರಿಗೆ ಹೇಳ್ತೇನೆ" ಎಂದೂ ಹೇಳಿದ.

ಕುಶಲಮ್ಮ ಚಪ್ಪರದ ಕಂಬಕ್ಕೆ ಒರಗಿ ನಿಂತ ಜಿತೇಂದ್ರರನ್ನು ನೋಡಿದರು. ಹಸಿರು ಸೀರೆಯನ್ನು ನೋಡಿದರು. ಆಮೇಲೆ ಎದ್ದು ಸೀದಾ ಟೇಬಲಿಗೆ ಬಂದರು.

"ಯಾವುದನ್ನು ಒತ್ತುವುದು?"

ಉಜ್ವಲ್ ತೋರಿಸಿದ. ಅವರು ಮದರಂಗಿ ಹಚ್ಚಿದ ಬೆರಳಿನಿಂದ ಒತ್ತಿದರು.

ಹಾಡು ನಿಂತಿತು. ಕುಣಿಯುತ್ತಿದ್ದ ಮಕ್ಕಳಿಗೆ ಯಾರೂ ಹೇಳಬೇಕಾಗಲಿಲ್ಲ, ಎಲ್ಲಿದ್ದರೋ ಅಲ್ಲೇ ಕಲ್ಲಾದರು. ಉಮಾನಾಥರ ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಶೀಟಿನಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಯಾರೂ ನಗಲಿಲ್ಲ, ಸೀಟಿ ಹೊಡೆಯಲಿಲ್ಲ. ಜಿತೇಂದ್ರ ಮಾತ್ರ ಹಸಿರು ಸೀರೆಯ ಎದುರು ಮಂಡಿಯೂರಿ, "ಅಲುಗಬೇಡ ಹಾಂ... ಗೆದ್ದೆ ಮಗಾ, ನೀನೇ ಗೆದ್ದೆ" ಎಂದು ಅಳುತ್ತಾ ಹೇಳುತ್ತಿದ್ದರು.

ಕುಶಲಮ್ಮನ ಬೆರಳು ಬಟನ್ನಿನ ಮೇಲೇ ಇತ್ತು. ಅವರು ತಲೆಯೆತ್ತಿ ಸುತ್ತ ನೋಡಿದರು. ಆಕಾಶ ಬಿದ್ದಿರಲಿಲ್ಲ. ಜನ ಕಾಯುತ್ತಿದ್ದರು, ಅಷ್ಟೇ.

"ಹಾಡು ನಿಲ್ಲುವುದು ಅಂದರೆ ಇಷ್ಟೇ ಅಲ್ವಾ?" ಎಂದರು, ನೀಲಿ ಅಂಗಿಯ ಕಡೆ ತಿರುಗಿ. ಅವರ ದನಿಯಲ್ಲಿ ಮಗನನ್ನು ಬೈಯುವ ತಾಯಿಯ ಸಿಟ್ಟಿತ್ತು. "ಇಷ್ಟಕ್ಕೆ ಊಟ ಬಿಟ್ಟೆಯಾ ಮಗಾ? ಇಷ್ಟಕ್ಕೆ ನನ್ನ ಹತ್ತಿರ ಮಾತಾಡದೆ ಹೋದೆಯಾ?"

ಮೂರು ವರ್ಷದಲ್ಲಿ ಅವರು ಮಗನಿಗೆ ಬೈದದ್ದು ಅದೇ ಮೊದಲು. ಬೈದು, ಸೆರಗಿನಿಂದ ಮುಖ ಒರೆಸಿಕೊಂಡು, ಉಜ್ವಲನಲ್ಲಿ ಕೇಳಿದರು:

"ಮತ್ತೆ ಶುರು ಮಾಡಲು ಯಾವುದು?"

"ಅದೇ ಅಮ್ಮ. ಅದನ್ನೇ ಒತ್ತಿ."

ಒತ್ತಿದರು. ಹಾಡು ನಿಂತಲ್ಲಿಂದಲೇ ಹೊರಟಿತು. ಮಕ್ಕಳು ಕೂಗಿ ಕುಣಿದರು. ಕುಶಲಮ್ಮ ಮತ್ತೆ ಲ್ಯಾಪ್‌ಟಾಪಿನ ಕಡೆ ನೋಡಲಿಲ್ಲ. ಹೋಗಿ ಗಂಡನ ಪಕ್ಕದಲ್ಲಿ ನಿಂತುಕೊಂಡರು.